ಅತ್ತಿಗೆ ತಂದ ಬಾಟ್ಲಿ

ಬಚ್ಚಲಿಗೆ ಸುರಿದ್ಯಾ, ನಾನು ತಂದದ್ದನ್ನ ಬಚ್ಚಲಿಗೆ ಸುರಿದ್ಯೇನೇ, ಗಂಡನ ಅಕ್ಕ ರಾಜಲಕ್ಷ್ಮಮ್ಮ ಕಿರುಚುತ್ತಲೇ ಇದ್ದಾರೆ, ಬೆಟ್ಟಮ್ಮನ ಮೂಗಿಗೆ ಮಾತ್ರ ಆ ಔಷಧಿಯ ಹುಳಿ ವಾಸನೆ, ಬಚ್ಚಲ ಕಲ್ಲಿನಿಂದ ಇನ್ನೂ ಏಳುತ್ತಿದೆ — ಹೂಂ ಅತ್ತಿಗೆ, ಸುರಿದೆ, ಇನ್ನೊಂದು ತಂದ್ರೆ ಅದನ್ನೂ ಸುರೀತೀನಿ. ಗಂಡ ಕುಳ್ಳಯ್ಯ ಖಾಲಿ ಲೋಟ ಹಿಡಿದು ಜಗಲಿಯಲ್ಲಿ ಕೂತಿದ್ದಾನೆ, ನಾಳೆ ಹಾಸನದಲ್ಲಿ ಕರುಳಿಗೆ ಕ್ಯಾಮೆರಾ ಬಿಟ್ಟು ನೋಡುತ್ತಾರೆ, ಹೊಟ್ಟೆ ತೊಳೆದಂತಿರಬೇಕು, ಅದಕ್ಕೇ ಅತ್ತಿಗೆ ತನ್ನ ಟೆಸ್ಟಿನಲ್ಲಿ ಉಳಿದಿದ್ದ ಭೇದಿ ಔಷಧಿಯ ಬಾಟ್ಲಿಯನ್ನು ಸೆರಗಲ್ಲಿ ಸುತ್ತಿಕೊಂಡು ಮೇಲಿನ ತೋಟದಿಂದ ಇಳಿದು ಬಂದದ್ದು, ಹೆಗ್ಗದ್ದೆ ಊರಲ್ಲಿ ಹಾಗೇ, ಒಂದು ಮನೆಯಲ್ಲಿ ಮಿಕ್ಕ ಮಾತ್ರೆ ಇನ್ನೊಂದು ಮನೆಗೆ, ಒಂದು ತೋಟದಲ್ಲಿ ಮಿಕ್ಕ ಗೊಬ್ಬರ ಪಕ್ಕದ ತೋಟಕ್ಕೆ. ನಾನು ಕುಡೀಲಿಲ್ವಾ, ಸತ್ತೋದ್ನಾ? ನಿಮ್ಮ ಕಿಡ್ನಿ ಗಟ್ಟಿ ಐತೆ ಅತ್ತಿಗೆ, ಇವ್ರದ್ದು ಕಾಲು ಭಾಗ ಉಳ್ದೈತೆ, ಬಾಟ್ಲಿಲಿರೋ ಫಾಸ್ಫೇಟು ಹೊರಗೆ ಹೋಗ್ದೆ ರಕ್ತದಲ್ಲೇ ನಿಂತ್ರೆ ಆ ಕಾಲು ಭಾಗಾನೂ ಹೋಗ್ಬುಡ್ತದೆ, ಡಾಕ್ಟ್ರು ಇವ್ರಿಗೆ ಅಂತ ಬೇರೆ ಪುಡಿ ಕೊಟ್ಟವ್ರೆ. ಓಹೋ, ಏಳನೇ ಕ್ಲಾಸಿನ ಡಾಕ್ಟ್ರಮ್ಮ! — ಹೌದು, ಏಳನೇ ಕ್ಲಾಸೇ, ಆದರೆ ನಾಲ್ಕು ವರ್ಷದಿಂದ ಇವನು ಕುಡಿದ ನೀರು, ಹೊಯ್ದ ಉಚ್ಚೆ, ಎರಡನ್ನೂ ಜಗ್ಗಿನಲ್ಲಿ ಅಳೆದು ಕ್ಯಾಲೆಂಡರಿನಲ್ಲಿ ಬರೆದವಳು ಯಾರು, ಆ ಕ್ಯಾಲೆಂಡರನ್ನು ಕಿಡ್ನಿ ಡಾಕ್ಟರು ನರ್ಸುಗಳನ್ನೆಲ್ಲ ಕರೆದು ತೋರಿಸಿದ್ದರು, ನೋಡ್ರಮ್ಮಾ, ಹೀಗೆ ನೋಡ್ಕೋಬೇಕು, ಅವತ್ತು ಬಸ್ಸಿನಲ್ಲಿ ಅವಳು ಎಸ್ಟೇಟ್ ಧಣಿಯ ಹೆಂಡತಿಯ ಹಾಗೆ ಕೂತು ಬಂದಿದ್ದಳು, ಈಗಲೂ ಬೆನ್ನು ಹಾಗೇ ನೆಟ್ಟಗಿದೆ. ಇವನನ್ನ ಸೊಂಟದ ಮೇಲೆ ಹೊತ್ತು ಸಾಕಿದೋಳು ನಾನು ಕಣೇ, ನನ್ನ ಕೈಯಲ್ಲಿ ವಿಷ ಐತೆ ಅಂತೀಯಾ? ಕೈಯಲ್ಲಿಲ್ಲ, ಬಾಟ್ಲಿಲಿತ್ತು — ಅಂದೇಬಿಟ್ಟಳು, ಬಾಯಿ ತಡೆಯಲಿಲ್ಲ. ಕುಳ್ಳಯ್ಯ ತಲೆ ಎತ್ತಿದ, ಅಕ್ಕ, ಕೂತ್ಕೋ, ಅಂದ, ಲೋಟ ಚಾಚಿದ್ದು ಮಾತ್ರ ಹೆಂಡತಿಯ ಕಡೆಗೆ, ಆ ಪುಡಿ ಕಲ್ಸು ಮಾರಾಯ್ತಿ. ಕುಡಿ, ನಿನ್ನ ಹೆಂಡ್ತಿ ಕೈಯಲ್ಲೇ ಕುಡಿಯಪ್ಪಾ, ಎಂದು ಅತ್ತಿಗೆ ಅಂಗಳಕ್ಕೆ ಇಳಿದರು, ಬರಿಗಾಲಲ್ಲೇ, ಚಪ್ಪಲಿಯನ್ನೂ ಮೆಟ್ಟದೆ, ಕಾಫಿ ಗಿಡಗಳ ನಡುವೆ ಏರಿ ಹೋದರು, ತಿರುಗಿ ನೋಡಲಿಲ್ಲ. ಈಗ ಹಾಸನದ ಟೆಸ್ಟು ಮುಗಿದಿದೆ, ಕರುಳಿನಲ್ಲಿ ಏನೂ ಇಲ್ಲ, ಆಮೇಲೆ ತೆಗೆದ ರಕ್ತದಲ್ಲಿ, ಕಿಡ್ನಿ ಸೋತರೆ ಏರುವ ಆ ಕ್ರಿಯಾಟಿನಿನ್ ಒಂದು ಚೂರೂ ಏರಿಲ್ಲ, ಭೇಷ್ ಬೆಟ್ಟಮ್ಮ, ಅಂದಿದ್ದಾರೆ ಡಾಕ್ಟರು, ಇದನ್ನು ಅತ್ತಿಗೆಗೆ ಹೇಳಬೇಕು, ಬರಲಿ, ಬಂದೇ ಬರುತ್ತಾರೆ, ಅವರು ಹೋಗಿ ತಿಂಗಳಾಯಿತು — ಮೆಟ್ಟಿಲ ಬಳಿ ಆ ಚಪ್ಪಲಿ, ಗುಡಿಸುವಾಗ ಎತ್ತಿ ಮತ್ತೆ ಅಲ್ಲೇ ಇಡುತ್ತಾಳೆ — ತಪ್ಪಾಯ್ತು ಅನ್ನುವುದಿಲ್ಲ, ಯಾಕೆ ಅನ್ನಬೇಕು, ನಾಳೆ ತಂದರೂ ಸುರಿಯುವವಳೇ — ಚಪ್ಪಲಿ, ಮೂತಿ ಬಾಗಿಲ ಕಡೆಗೆ, ಎಡಗಾಲಿನ ಹರಿದ ಪಟ್ಟಿಗೆ ಚುಚ್ಚಿದ ಪಿನ್ನು.