ಪುಟ್ಟಿಯ ಅಪ್ಪನ ತಿರುವು

ನಮ್ಮ ಬೀದಿಯ ನಲ್ಲಿಯಲ್ಲಿ ನೀರು ಬರುವುದು ಬೆಳಗ್ಗೆ ಏಳರಿಂದ ಏಳೂವರೆಯವರೆಗೆ ಮಾತ್ರ. ಆ ಭಾನುವಾರ ಎರಡನೆಯ ಕೊಡ ಅರ್ಧ ತುಂಬಿದ್ದಾಗ ಮಾದಪ್ಪ ಬಾವ ಬಂದು ಪಕ್ಕದಲ್ಲಿ ನಿಂತರು. ಅವರು ನನ್ನ ಗಂಡ ಶಿವಮಲ್ಲುವಿನ ಒಡಹುಟ್ಟಿದವರಲ್ಲ. ಬ್ಯಾಂಡಿನಲ್ಲಿ ಇಪ್ಪತ್ತನಾಲ್ಕು ವರ್ಷ ಅವನ ಜೊತೆಗೆ ಬಾರಿಸಿದವರು. ಮದುವೆಯಾಗಿ ಪಣಕಹಳ್ಳಿಗೆ ಬಂದ ದಿನದಿಂದ ನಾನು ಅವರನ್ನು ಬಾವ ಅಂತಲೇ ಕರೆಯುತ್ತೇನೆ.

“ಪರಿಮಳಾ, ಒಂದ್ ಮಾತು ಕೇಳ್ಬೇಕಾಗಿತ್ತು ಕಣವ್ವ.”

“ಕೊಡ ತುಂಬ್ಲಿ ಬಾವ. ಇಂದ್ಗಡೆ ಇನ್ನೂ ನಾಕ್ ಜನ ಅವ್ರೆ.”

ಅವರಿಗೆ ಕಾಯಲು ಆಗಲಿಲ್ಲ. “ಶಿವಮಲ್ಲುನ ಜಾಗಕ್ಕೆ ಬ್ಯಾರೆಯೋರ್ನ ಆಕ್ಕೊಳಾನ ಅಂತಾವ್ರೆ ನಂಜ, ಮಾದೇವ. ನೀನು ಊಂ ಅಂದ್ರೆ ಮಾತ್ರ.”

ಕೊಡ ತುಂಬಿ ಹರಿಯಿತು. ಹಿಂದೆ ನಿಂತಿದ್ದ ಚನ್ನಮಲ್ಲಮ್ಮ, “ನೀರು ಓಯ್ತಾ ಅದೆ ನೋಡಮ್ಮಿ. ಮಾತು ಎಲ್ಲೂ ಓಗಕಿಲ್ಲ, ಕೊಡ ತಗಿ,” ಎಂದು ತಾನೇ ನನ್ನ ಕೊಡವನ್ನು ಪಕ್ಕಕ್ಕೆ ಎಳೆದಳು.

ಅವರ ಬ್ಯಾಂಡಿನ ಹೆಸರು ‘ಸಿಡ್ಲು’. ನಂಜಣ್ಣ ಮೈಸೂರಿನ ಹೋಟೆಲೊಂದರಲ್ಲಿ ಎರಡು ವರ್ಷ ಲೋಟ ತೊಳೆದು, ಅಲ್ಲಿಯ ರೇಡಿಯೋದಲ್ಲಿ ರಾಕ್ ಬ್ಯಾಂಡುಗಳನ್ನು ಕೇಳಿ ತಲೆಕೆಟ್ಟು ಊರಿಗೆ ಬಂದರಂತೆ. ಅದು ಎಪ್ಪತ್ತಾರನೆಯ ಇಸವಿ. ಹಗಲು ಗೌಡರ ಹೊಲದಲ್ಲಿ ಕೂಲಿ, ಸಂಜೆ ಗೋಡೌನಿನಲ್ಲಿ ಪ್ರಾಕ್ಟೀಸು. ನಂಜಣ್ಣ ಹಾಡುತ್ತಿದ್ದರು, ಮಾದೇವಣ್ಣನದು ದಪ್ಪ ತಂತಿಯ ಗಿಟಾರು, ಮಾದಪ್ಪ ಬಾವನದು ಡ್ರಮ್ಮು. ನನ್ನ ಗಂಡನಿಗೆ, ಅಂದರೆ ನನ್ನ ಮಗಳು ಪುಟ್ಟಿಯ ಅಪ್ಪನಿಗೆ, ಆಗ ಹದಿನಾರು ವರ್ಷ. ಹಳೆಯದೊಂದು ಕರೆಂಟ್ ಗಿಟಾರು ಅವನ ಕೈಗೆ ಬಂತು.

ಅವರೇ ಕಟ್ಟಿದ ಒಂದು ಹಾಡಿದೆ. ಬಣ್ಣಾರಿಯಿಂದ ದಿಂಬಂವರೆಗೆ ಬಸ್ಸು ಘಾಟಿ ಹತ್ತುವ ಹಾಡು. ಇಪ್ಪತ್ತೇಳು ತಿರುವಿಗೆ ಇಪ್ಪತ್ತೇಳು ಸುತ್ತು. ಅದರಲ್ಲಿ ಹತ್ತೊಂಬತ್ತನೆಯ ತಿರುವು ಪುಟ್ಟಿಯ ಅಪ್ಪನದು. ಉಳಿದವರೆಲ್ಲ ನಿಲ್ಲಿಸುತ್ತಾರೆ, ಮಾದಪ್ಪ ಬಾವ ಮಾತ್ರ ಡ್ರಮ್ಮಿನ ಅಂಚಿಗೆ ಕಡ್ಡಿಯಿಂದ ಮೂವತ್ತೆರಡು ಏಟು ಹಾಕುತ್ತಾರೆ, ಅಷ್ಟು ಹೊತ್ತು ಗಿಟಾರು ಒಂದೇ.

ಎರಡು ಸಾವಿರನೆಯ ಇಸವಿಯಲ್ಲಿ ಅವನು ಕಾಮಾಲೆಯಾಗಿ ಹೋದ. ಪುಟ್ಟಿ ಆಗ ನನ್ನ ಹೊಟ್ಟೆಯಲ್ಲಿ ಐದು ತಿಂಗಳು. ಆಮೇಲೂ ಬ್ಯಾಂಡಿನವರು ಆ ಹಾಡು ಬಿಡಲಿಲ್ಲ, ಅವನ ಜಾಗಕ್ಕೆ ಯಾರನ್ನೂ ತರಲಿಲ್ಲ. ಹತ್ತೊಂಬತ್ತನೆಯ ತಿರುವನ್ನು ಖಾಲಿ ಬಿಟ್ಟರು. ಮೂವತ್ತೆರಡು ಏಟು, ಬರಿಯ ಕಡ್ಡಿಯ ಸದ್ದು. ಅವನ ಗಿಟಾರು ತಂತಿ ಬಿಚ್ಚಿಸಿಕೊಂಡು ನಮ್ಮ ಅಟ್ಟದ ಮೇಲಿದೆ.

ಆ ಖಾಲಿಯಲ್ಲಿ ನನಗೆ ಅವನು ಬಾರಿಸುವುದು ಕೇಳಿಸುತ್ತದೆ. ಯಾರಿಗೂ ಹೇಳಿಲ್ಲ. ಮೊದಮೊದಲು ನೆನಪು ಅಂದುಕೊಂಡೆ. ಎಂಬತ್ತೆರಡರಲ್ಲಿ ಮೈಕ್ ಸೆಟ್ಟಿನವರು ತುಂಬಿಸಿಕೊಟ್ಟ ಕ್ಯಾಸೆಟ್ಟು ಮನೆಯಲ್ಲಿದೆ. ಅಪ್ಪನ ದನಿ ಅಂತ ಪುಟ್ಟಿಗೆ ಕೊಡಲು ನನ್ನ ಹತ್ತಿರ ಇರುವುದು ಅದೊಂದೇ. ಅವಳು ದಿನವೂ ಕೇಳುತ್ತಾಳೆ. ಅದರಲ್ಲಿ ಅವನು ಇಪ್ಪತ್ತೆರಡರ ಹುಡುಗ, ಹಿಂದಿನಿಂದ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಬಾರಿಸುತ್ತಾನೆ. ಖಾಲಿಯಲ್ಲಿ ನನಗೆ ಕೇಳುತ್ತಿದ್ದದ್ದೂ ಅದೇ ಆಗಿತ್ತು. ಆದರೆ ಮೂರನೆಯ ವರ್ಷ ಒಂದು ಕಡೆ ಅವನು ಓಡಲಿಲ್ಲ. ಒಂದೇ ಸ್ವರವನ್ನು ಹಿಡಿದು ನಿಂತ, ಏರಿನಲ್ಲಿ ಸುಧಾರಿಸಿಕೊಳ್ಳುವವನ ಹಾಗೆ. ಬದುಕಿದ್ದಾಗ ಅವನು ಹಾಗೆ ಬಾರಿಸಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ಮರುವರ್ಷ ಇನ್ನೂ ಎರಡು ಕಡೆ ಬಿಟ್ಟ. ಈಗ ಬಾರಿಸುವುದಕ್ಕಿಂತ ಬಿಡುವುದೇ ಹೆಚ್ಚು, ಆ ಬಿಟ್ಟ ಜಾಗಕ್ಕೇ ನಾನು ಕಿವಿಗೊಟ್ಟು ಕೂರುತ್ತೇನೆ. ಸತ್ತಾಗ ನಲವತ್ತಾಗಿದ್ದವನ ಕೈಗೆ ನಲವತ್ತೆಂಟಾಗಿದೆ.

ಕೊಡ ಹೊತ್ತು ನಡೆಯುವಾಗ ಬಾವ ಪಕ್ಕದಲ್ಲೇ ಬಂದರು. ಕಳೆದ ತಿಂಗಳು ಚಾಮರಾಜನಗರದಲ್ಲಿ ಖಾಲಿ ಬಂದಾಗ ಜನ ಹಾಡು ನಿಂತೇಹೋಯಿತು ಅಂತ ಕೂಗು ಹಾಕಿದ್ದರಂತೆ. ಯಾರೋ “ತಾತಂದಿರು ಮರ್ತೋದ್ರು” ಅಂದರಂತೆ. ಮುಂದಿನ ವಾರ ತಾಳವಾಡಿಯಲ್ಲಿ ಶಾಲೆಯೊಂದರ ವಾರ್ಷಿಕೋತ್ಸವ. ಅಲ್ಲಿಯೂ ಹಾಗಾದರೆ ಬ್ಯಾಂಡು ಬಿಟ್ಟುಬಿಡುತ್ತೇನೆಂದು ನಂಜಣ್ಣ ಹಟ ಹಿಡಿದಿದ್ದಾರಂತೆ.

“ಅದೊಂದೇ ಆದ್ರೆ ನಾನು ನಿನ್ನತ್ರ ಬತ್ತಿರ್ನಿಲ್ಲ,” ಎಂದರು ಬಾವ. ದನಿ ತಗ್ಗಿತು. “ಮೂವತ್ತೆರಡೇಟು ಮೊದ್ಲು ಅದ್ನಾರು ಸೆಕೆಂಡು. ನಂಜ ಗಡಿಯಾರ ನೋಡವ್ನೆ, ಈಗ ಇಪ್ಪತ್ಮೂರು ಆಯ್ತಾ ಅದೆ. ನಿಧಾನ ಮಾಡ್ತಾ ಇರದು ನಾನಲ್ಲ ಕಣವ್ವ. ಬ್ಯಾರೆ ಕಡೆ ಕೈ ಸರ್ಯಾಗೇ ಓಯ್ತದೆ. ಅಲ್ಲಿಗೆ ಬಂದ್ರೆ ಯಾರೋ ಮುಂದೆ ನಡೀತಾ ಇರಂಗೆ, ನಾನು ಇಂದಿಂದೆ ಓಯ್ತಾ ಇರಂಗೆ. ಕೈ ನನ್ನ ಮಾತು ಕೇಳಕಿಲ್ಲ. ಎದುರ್ಕೆ ಆಯ್ತದೆ.”

ನನ್ನ ತಲೆಯ ಮೇಲಿನ ನೀರು ಕುಲುಕಿ ಕುತ್ತಿಗೆಗೆ ಇಳಿಯಿತು. ನನಗೂ ಕೇಳಿಸುತ್ತದೆ ಎಂದು ಹೇಳಬಹುದಿತ್ತು. ಹೇಳಲಿಲ್ಲ. ವರ್ಷಕ್ಕೆ ಐದಾರು ಸಲ, ಒಂದೊಂದು ಸಲಕ್ಕೆ ಇಪ್ಪತ್ತು ಚಿಲ್ಲರೆ ಸೆಕೆಂಡು. ನನ್ನ ಪಾಲಿಗೆ ಉಳಿದಿದ್ದ ಗಂಡ ಅಷ್ಟೇ. ಊಂ ಅಂದರೆ ಅದೂ ಹೋಗುತ್ತದೆ.

“ಅನ್ನೊಂದ್ ಗಂಟೆಗೆ ಗೋಡೌನ್ಗೆ ಬಾ. ಖಾಲಿ ಬುಟ್ಟು ಒಂದ್ಸಲ, ಬ್ಯಾರೆಯೋನ್ನ ಆಕ್ಕೊಂಡು ಒಂದ್ಸಲ ಬಾರ್ಸ್ತೀವಿ. ಎರಡೂ ಕೇಳ್ಬುಟ್ಟು ಊಂ ಅಂತೀಯೋ ಇಲ್ವೋ ಏಳು,” ಎಂದು ಬಾವ ಹೋದರು.

ಪುಟ್ಟಿಯನ್ನು ನಾನು ಬ್ಯಾಂಡಿಗೆ ಒಮ್ಮೆಯೂ ಕರೆದೊಯ್ದಿರಲಿಲ್ಲ. ಅವಳನ್ನು ಚನ್ನಮಲ್ಲಮ್ಮನ ಮನೆಯಲ್ಲಿ ಬಿಟ್ಟೇ ಹೋಗುತ್ತಿದ್ದೆ. ಅಂದು ಚನ್ನಮಲ್ಲಮ್ಮ ಹಾಸನೂರಿಗೆ ಮಗಳ ಮನೆಗೆ ಹೊರಟುಬಿಟ್ಟಳು. ಎಂಟು ವರ್ಷದ ಮಗುವನ್ನು ಒಂಟಿ ಬಿಡಲಾಗದೆ ಜಡೆ ಹಾಕಿ ಜೊತೆಗೇ ಕರೆದುಕೊಂಡೆ.

ಹನ್ನೊಂದಾದರೂ ಮಂಜು ಬಿಟ್ಟಿರಲಿಲ್ಲ. ಗೋಡೌನಿನ ಒಳಗೆ ಜೋಳದ ಮೂಟೆಗಳ ನಡುವೆ ಮೂವರೂ ಕಚ್ಚಾಡುತ್ತಿದ್ದರು.

“ಆವಾಗ ನಾವು ಬಾರ್ಸುದ್ರೆ ಜನ ಎದ್ದು ಕುಣೀತಿದ್ರು ಕಣ್ಲಾ ಮಾದೇವ. ಬ್ಯಾಂಡು ಅಂದ್ರೆ ವಯಸ್ನಲ್ಲೇ. ಈಗ ನಮ್ದು ಏನದೆ, ಕೆಮ್ಮು.”

“ಕುಡುದಿದ್ರು, ಅದ್ಕೆ ಕುಣೀತಿದ್ರು. ನೀನು ಆವಾಗ ಪದ ನುಂಗ್ತಿದ್ದೆ, ಯಾರ್ಗೂ ಒಂದಕ್ಷರ ತಿಳೀತಿರ್ನಿಲ್ಲ. ಈಗ ಬಾಯ್ನಲ್ಲಿ ಮುಂದಿನ್ ಅಲ್ಲು ಉದ್ರೋಗವೆ, ಆದ್ರೂ ಪದ ನೆಟ್ಟಗೆ ಬತ್ತಾ ಅದೆ.”

“ಅಲ್ಲಿನ್ ಸುದ್ದಿ ಎತ್ಬೇಡ ಲಾ!” ನಂಜಣ್ಣ ಬಾಯಿಗೆ ಕೈ ಅಡ್ಡ ಹಿಡಿದರು.

ಮಾದೇವಣ್ಣನ ಅಕ್ಕನ ಮಗ ಸ್ವಾಮಿ ಮೂಲೆಯಲ್ಲಿ ಗಿಟಾರಿನ ತಂತಿ ಬಿಗಿಯುತ್ತಿದ್ದ. ಇಪ್ಪತ್ತೈದು ವರ್ಷ, ಚಾಮರಾಜನಗರದಲ್ಲಿ ಮೊಬೈಲ್ ರಿಪೇರಿ ಅಂಗಡಿ. ನನ್ನನ್ನು ನೋಡಿ ಎದ್ದು ನಿಂತು, “ಕ್ಯಾಸೆಟ್ಟು ಕೇಳಿ ಕಲ್ತಿದ್ದೀನಿ ಅತ್ತೆ, ಒಂದು ಸ್ವರಾನೂ ಬಿಟ್ಟಿಲ್ಲ,” ಎಂದ.

ಮೊದಲು ಸ್ವಾಮಿಯಿಲ್ಲದೆ ಬಾರಿಸಿದರು. ನಾನು ಮೂಟೆಯೊಂದರ ಮೇಲೆ ಕೂತಿದ್ದೆ, ಪುಟ್ಟಿ ನನಗೆ ಒರಗಿಕೊಂಡಿದ್ದಳು. ಬಸ್ಸು ಏರತೊಡಗಿತು. ಹದಿನೆಂಟನೆಯ ತಿರುವು ಮುಗಿದು ಎಲ್ಲ ನಿಂತಿತು. ಬಾವನ ಕಡ್ಡಿ ಅಂಚಿಗೆ ಬಿತ್ತು. ಸೂರಿನ ಗುಬ್ಬಚ್ಚಿಗಳೂ ಸುಮ್ಮನಾದವು.

ಅವನು ಬಂದ. ಹಿಂದೆಂದಿಗಿಂತ ನಿಧಾನವಾಗಿ ಬಂದ. ಎರಡು ಸ್ವರ, ಆಮೇಲೆ ಏನೂ ಇಲ್ಲ, ಮತ್ತೆ ಒಂದು. ಬಾವನ ಹಣೆಯಿಂದ ಬೆವರು ಇಳಿಯುತ್ತಿತ್ತು.

ಆಗ ನನ್ನ ಮುಂಗೈ ಮೇಲೆ ಪುಟ್ಟಿಯ ಬೆರಳು ಒತ್ತುತ್ತಿರುವುದು ಗೊತ್ತಾಯಿತು. ಕಡ್ಡಿಯ ಲೆಕ್ಕಕ್ಕೆ ಒತ್ತುತ್ತಿದ್ದಾಳೆ ಅಂದುಕೊಂಡೆ. ಅಲ್ಲ. ಕಡ್ಡಿ ಬೀಳುತ್ತಲೇ ಇತ್ತು, ಅವಳ ಬೆರಳು ಕಾಯುತ್ತಿತ್ತು. ಅವನು ಬಾರಿಸಿದ ಕಡೆ ಒತ್ತಿತು, ಬಿಟ್ಟ ಕಡೆ ಬಿಟ್ಟಿತು. ಅವಳ ಕಣ್ಣು ಬಾವನ ಮೇಲಿರಲಿಲ್ಲ. ಅವರ ಎಡಕ್ಕೆ, ಒಬ್ಬ ಆಳಿನ ಎತ್ತರಕ್ಕೆ, ಏನೂ ಇಲ್ಲದ ಕಡೆಗೆ ನೆಟ್ಟಿತ್ತು.

ಹಾಡು ಮುಗಿದ ಕೂಡಲೇ ಅವಳು ಬಾಯಿ ತೆರೆದಳು. “ಆಮೇಲೆ ಮಗಾ,” ಎಂದು ಅವಳ ತುಟಿಗೆ ಬೆರಳಿಟ್ಟೆ. ಮಗು ಏನೋ ಆಟಕ್ಕೆ ಒತ್ತಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಎರಡನೆಯ ಸಲ ಸ್ವಾಮಿ ಎದ್ದು ನಿಂತ. ಹತ್ತೊಂಬತ್ತನೆಯ ತಿರುವಿಗೆ ಬಂದಾಗ ಗೋಡೌನಿನ ತಗಡು ನಡುಗಿತು. ಕ್ಯಾಸೆಟ್ಟಿನಲ್ಲಿದ್ದದ್ದು ಹಾಗೇ, ಒಂದು ಕೂದಲೆಳೆ ಅತ್ತಿತ್ತ ಇಲ್ಲದೆ. ನಾನು ಕಾಣದಿದ್ದ ಆ ಇಪ್ಪತ್ತೆರಡರ ಹುಡುಗ ಎದುರಿಗೆ ಬಂದು ನಿಂತಂತಾಗಿ ಅಳು ತಡೆಯಲಾಗಲಿಲ್ಲ. ನಂಜಣ್ಣ, “ನೋಡ್ದಾ! ಇದು ಕಣ್ಲಾ ಶಿವಮಲ್ಲು!” ಎಂದು ಮೂಟೆಗೆ ಗುದ್ದಿದರು. ಗಡಿಯಾರ ಹದಿನಾರೇ ಸೆಕೆಂಡು ತೋರಿಸಿತಂತೆ. ಮಾದಪ್ಪ ಬಾವ ಕಡ್ಡಿ ಕೆಳಗಿಟ್ಟು, ತಮ್ಮ ಕೈಗಳನ್ನು ತಿರುಗಿಸಿ ನೋಡಿಕೊಂಡರು. ಎಂಟು ವರ್ಷದಲ್ಲಿ ಮೊದಲ ಸಲ ಅವರ ಮುಖ ಹಗುರಾಗಿತ್ತು.

“ಈಗ ಏಳು ಪರಿಮಳಾ, ಊಂ ಅಂತೀಯಾ?” ಎಂದರು.

ಆ ಮುಖ ನೋಡಿ ನನ್ನ ಮನಸ್ಸು ಗಟ್ಟಿಯಾಯಿತು. ಅವರೂ ಬದುಕಬೇಕು, ಹಾಡೂ ಬದುಕಬೇಕು. ನನ್ನ ಇಪ್ಪತ್ತು ಸೆಕೆಂಡಿಗಾಗಿ ವಯಸ್ಸಾದ ಜೀವವನ್ನು ಎಷ್ಟು ಹೆದರಿಸಲಿ? ಸೆರಗಿನಲ್ಲಿ ಕಣ್ಣೊರೆಸಿಕೊಂಡು ಊಂ ಅನ್ನಲು ತಲೆಯೆತ್ತಿದೆ.

ಪುಟ್ಟಿ ನನ್ನ ಕೈ ಬಿಡಿಸಿಕೊಂಡು ನಡುವೆ ಹೋಗಿ ನಿಂತಿದ್ದಳು. ಸ್ವಾಮಿಯನ್ನು ನೋಡಿದಳು. ಆಮೇಲೆ ಬಾವನ ಎಡಕ್ಕೆ ನೋಡಿದಳು, ಮುಖ ಸ್ವಲ್ಪ ಮೇಲೆತ್ತಿ. ತರಗತಿಯಲ್ಲಿ ಕೇಳುವ ಹಾಗೆ ಎಲ್ಲರಿಗೂ ಕೇಳುವಂತೆ ಕೇಳಿದಳು:

“ಅವ್ವಾ, ಆವಾಗ ಅಪ್ಪ ಈ ಮಾಮನ್ ತರ ಬಿರ್ರನೆ ಬಾರ್ಸ್ತಿದ್ನಲ್ಲ, ಅದು ಚೆಂದ್ವಾ, ಈಗ ನಿಧಾನ್ವಾಗಿ ಬಾರ್ಸ್ತಾನಲ್ಲ, ಇದು ಚೆಂದ್ವಾ?”