ಸೀನುವ ಕಾವಲುಗಾರ

ಎಡ ಹೆಗಲು ಅರ್ಧ ಬೆರಳಷ್ಟು ಕೆಳಗೆ, ಅಂದೂ ಹೀಗೇ ಇತ್ತು, ಇಪ್ಪತ್ತು ವರ್ಷವಾದರೂ ಯಾರೂ ಸರಿಮಾಡಿಲ್ಲ — ಟೀವಿಯ ವಿಡಿಯೋ ಗೇಮಿನೊಳಗೆ ಬಂದೂಕು ಹಿಡಿದು ಓಡುವ ಈ ಮನುಷ್ಯನ ಕೋಟು ಹೊಲಿದವನು ಕೈಗೆ ಸಿಕ್ಕಿದ್ದರೆ ಕಿವಿ ಹಿಂಡುತ್ತಿದ್ದೆ, ಆಟದುದ್ದಕ್ಕೂ ಕಾಣುವುದು ಬೆನ್ನೊಂದೇ ಅಂದಮೇಲೆ ಬೆನ್ನನ್ನಾದರೂ ನೆಟ್ಟಗೆ ಹೊಲಿಯಬಾರದೇ, ಇವನ ಮುಖ ನಾನು ಕಂಡಿಲ್ಲ, ನನ್ನವಳೂ ಕಂಡಿಲ್ಲ, ಅವನು ಮುಂದೆ, ನಾವು ಅವನ ಬಾಲ. ಹೆಬ್ಬೆರಳು ಮಾತು ಕೇಳುತ್ತಿಲ್ಲ, ಆಯುಷ್ಯವೆಲ್ಲ ಕತ್ತರಿ ಹಿಡಿದ ಬೆರಳು, ಗುಂಡಿ ಅಂದರೆ ಅದಕ್ಕೆ ಅಂಗಿಯ ಗುಂಡಿಯೇ ಗೊತ್ತು, ಒತ್ತೋದು ಕಣ್ರೀ, ಹಚ್ಚೋದಲ್ಲ, ಎಂದು ಹಿಂದಿನಿಂದ ನಗುತ್ತಾಳೆ, ಅವಳ ಅಂಗೈ ನನ್ನ ಬೆನ್ನ ಮೇಲಿದೆ, ಕಣ್ಣು ಹೋದಮೇಲೆ ಅವಳು ನನ್ನನ್ನು ನೋಡುವುದು ಹೀಗೆ. ಆಗ ಸಾಲು ಬೇರೆ ಇತ್ತು — ನಾನು ಹೊಲಿಗೆಯಂತ್ರದ ಹಿಂದೆ, ಮುಂದೆ ಮೋಟು ಸ್ಟೂಲಿನ ಮೇಲೆ ಇವಳ ಬೆನ್ನು, ಇವಳ ಬೆನ್ನಿನಾಚೆ ಅವನ ಬೆನ್ನು, ಪಕ್ಕದಂಗಡಿಯ ಟೀವಿ ರಿಪೇರಿಯವನು ತಂದಿಟ್ಟ ಆಟದ ಪೆಟ್ಟಿಗೆ, ಅಣ್ಣಾ, ರಿಪೇರಿಗೆ ಕೊಟ್ಟೋರು ವಾಪಸ್ ಬರ್ಲೇ ಇಲ್ಲ, ಅತ್ತಿಗೆಗೆ ಹೊತ್ತು ಹೋಗುತ್ತೆ ಇಟ್ಕೊಳ್ಳಿ. ಹೊತ್ತು ಹೋಗುವುದೆಂದರೇನು, ಮಧ್ಯಾಹ್ನ ಊಟಕ್ಕೆಂದು ಅಂಗಡಿ ಬಾಗಿಲು ಎಳೆದರೆ ಸಾಕು, ಗುಂಡಿ ಹಚ್ಚಬೇಕಾದ ಅಂಗಿಗಳು ತೊಡೆಯ ಮೇಲೇ ಉಳಿದು ಇವಳು ಢಂ ಢಂ, ಮೂರನೇ ಕ್ಲಾಸು ದಾಟದ ನಮಗಿಬ್ಬರಿಗೂ ಪರದೆಯ ಮೇಲಿನ ಅಕ್ಷರ ಒಂದೂ ಬಾರದು, ಕೊಂಡಿಯಂಥ ಅಕ್ಷರ ಬಂದರೆ ಮುಂದಕ್ಕೆ, ಕತ್ತರಿಯಂಥದ್ದು ಬಂದರೆ ಸತ್ತ, ಎಂದು ತಾನೇ ಕಂಡುಕೊಂಡಳು, ಹಾಗೇ ಗುಂಡು ಹಾರಿಸುತ್ತ ಹಾರಿಸುತ್ತ ಸೇತುವೆಯವರೆಗೆ ಹೋದವಳು ಅಲ್ಲಿ ನಿಂತುಬಿಟ್ಟಳು. ಸೇತುವೆಯ ಕೊನೆಗೆ ಕಬ್ಬಿಣದ ಬಾಗಿಲು, ಬಾಗಿಲಿಗೆ ಒಬ್ಬ ಕಾವಲುಗಾರ, ಬೀಗದ ಕೈ ಅವನ ಸೊಂಟದಲ್ಲಿ, ಅವನು ಬಿದ್ದರೇ ಅದು ಸಿಗುವುದು. ಗುರಿ ಇಟ್ಟಳು, ಅವನು ಅತ್ತ ತಿರುಗಿ, ಹೆಗಲೆರಡೂ ಮೇಲೇರಿ — ಆಕ್ಷೀ. ಅಯ್ಯೋ, ನೂರು ವರ್ಷ, ಅಂದುಬಿಟ್ಟಳು. ಬಾಯಿ ರೂಢಿ, ಬಟ್ಟೆಯ ಧೂಳಿಗೆ ದಿನಕ್ಕೆ ಇಪ್ಪತ್ತು ಸಲ ಸೀನುವವನು ನಾನು, ಇಪ್ಪತ್ತು ಸಲವೂ ಬೆನ್ನು ತಟ್ಟಿ ನೂರು ವರ್ಷ ಅನ್ನುವವಳು ಇವಳು, ಎಲ್ಲ ಕೂಡಿಸಿದರೆ ಯಮನಿಗೇ ಲೆಕ್ಕ ತಪ್ಪಬೇಕು. ಹೇಗ್ರೀ ಹೊಡೀಲಿ, ನೂರು ವರ್ಷ ಅಂದ ಬಾಯಿ ಇನ್ನೂ ಆರಿಲ್ಲ! ಅಲ್ವೇ, ದಾರೀಲಿ ಅರವತ್ತು ಜನಾನ್ನ ಮಲಗಿಸ್ಕೊಂಡು ಬಂದಿದೀಯಲ್ಲೇ? ಅವರ್‍ಯಾರೂ ಸೀನಲಿಲ್ಲ.

ದಿನಾ ಸೇತುವೆಯವರೆಗೆ ಹೋಗುವುದು, ಅವನು ಸೀನುವುದು, ಇವಳು ಹರಸುವುದು, ಪೆಟ್ಟಿಗೆ ಆರಿಸಿ ಗುಂಡಿ ಹಚ್ಚಲು ಕೂರುವುದು, ನೆಂಟರ ಮನೆಗೆ ಹೋಗಿಬಂದ ಹಾಗೆ, ಎಷ್ಟು ವರ್ಷ, ಆಮೇಲೆ ಅವಳ ಕಣ್ಣಿಗೆ ಮೊದಲು ಸೂಜಿಯ ಕಣ್ಣು ಮರೆಯಾಯಿತು, ಆಮೇಲೆ ಸೂಜಿ, ಆಮೇಲೆ ನಾನು. ಪೆಟ್ಟಿಗೆ ಅಟ್ಟ ಸೇರಿತು. ಹೋದ ತಿಂಗಳು, ತಲೆ ಬಾಚಿಕೊಳ್ಳುತ್ತ, ಆ ಬಾಗಿಲಾಚೆ ಏನಿತ್ತೋ ರೀ, ಕಣ್ಣಿದ್ದಾಗ ನೋಡ್ಲಿಲ್ಲ, ನೀವಾದ್ರೂ ನೋಡಿ ಹೇಳಿ, ಅಂದಳು. ಒಂದು ಸೀರೆಯನ್ನೂ ಬಾಯಿಬಿಟ್ಟು ಕೇಳದವಳು. ರಿಪೇರಿಯವನ ತಲೆಯೂ ಬೆಳ್ಳಗಾಗಿದೆ, ಧೂಳು ಊದಿ, ತಂತಿ ಬೆಸೆದು, ಅಣ್ಣಾ, ಇನ್ನೊಂದ್ಸಲ ಕೆಟ್ರೆ ನನ್ ಕೈಲಾಗಲ್ಲ, ಇದೇ ಕೊನೆ. ಹನ್ನೊಂದು ದಿನ ಕತ್ತರಿಯಂಥ ಅಕ್ಷರವನ್ನೇ ನೋಡಿ ನೋಡಿ, ಇವತ್ತು ಸೇತುವೆ, ಅಗೋ ನಿಂತಿದ್ದಾನೆ, ಬಡಪಾಯಿ, ನೆಗಡಿ ಇನ್ನೂ ವಾಸಿಯಾಗಿಲ್ಲ. ಬಂತಾ ಸೇತುವೆ? ಬಂತು. ಇದಾನಾ? ಇದಾನೆ. ಇಳಿದುಹೋಗಿದಾನಾ? ನಿನ್ನ ಆಶೀರ್ವಾದ, ಒಂದು ಕೂದಲೂ ನರೆತಿಲ್ಲ. ನಕ್ಕಳು. ಹೊಡೀರಿ, ಪರವಾಗಿಲ್ಲ, ನಾನು ಕಿವಿ ಮುಚ್ಕೋತೀನಿ. ಕಿವಿಗೆ ಎರಡು ಕೈ ಬೇಕಲ್ಲ, ಅಂಗೈ ಎದ್ದುಹೋಯಿತು, ಅದಿದ್ದಷ್ಟು ಜಾಗ ತಣ್ಣಗಾಯಿತು, ಟೀವಿಯೊಳಗೆ ಓಡುವವನ ಬೆನ್ನಿನ ಹಾಗೆ ನನ್ನದೂ ಬರಿದು, ಇಪ್ಪತ್ತು ವರ್ಷ ಅವನು ಹೀಗೆ ಓಡಿದನೇ, ಹಿಂದೆ ಯಾರಿದ್ದಾರೆಂದು ತಿಳಿಯದೆ — ಗುರಿ ಕಾವಲುಗಾರನ ಕೋಟಿನ ಮೂರನೇ ಗುಂಡಿಯ ಮೇಲಿದೆ, ಒತ್ತಿದರೆ ಬಾಗಿಲು, ಒಂದು ಬೆರಳಿನ ಕೆಲಸ, ಅವಳು ಕೇಳಿದ್ದು ಅದೊಂದೇ, ಒತ್ತು, ಹಚ್ಚುವುದಲ್ಲ, ಒತ್ತು. ಅವಳ ಮೊಣಕಾಲು ತಟ್ಟಿ, ತೆರೀತು ಕಣೇ ಬಾಗಿಲು, ಅಂದೆ. ಹೌದಾ? ಅಂಗೈ ಬೆನ್ನಿಗೆ ಬಂತು. ಏನಿದೆ ಒಳಗೆ? ಉದ್ದನೆ ಕೋಣೆ, ಸಾಲಾಗಿ ಕಿಟಕಿ, ಬೆಳಕು ಅಂದ್ರೆ ಬೆಳಕು, ದಾರ ಪೋಣಿಸೋಷ್ಟು — ಆಕ್ಷೀ. ಟೀವಿಯಿಂದ, ಕಾವಲುಗಾರನದೇ. ಅಂಗೈ ಅಲ್ಲಾಡಲಿಲ್ಲ. ಆಮೇಲೆ ನನ್ನ ಬೆನ್ನನ್ನು ಎರಡು ಸಲ ತಟ್ಟಿ, ನೂರು ವರ್ಷ, ಅಂದಳು, ಮೆಲ್ಲಗೆ, ಅವನಿಗೋ, ನನಗೋ. ಹೂಂ, ದಾರ ಪೋಣಿಸೋಷ್ಟು ಬೆಳಕು, ಆಮೇಲೆ? ಆಮೇಲೆ — ಕಿಟಕಿಯ ಹತ್ತಿರ ಒಂದು ಸ್ಟೂಲು, ಮೋಟು ಸ್ಟೂಲು — ಪರದೆಯ ಮೇಲೆ, ಸೇತುವೆಯ ಕೊನೆಯಲ್ಲಿ, ಅತ್ತ ತಿರುಗಿದ ಬೆನ್ನು, ಹೆಗಲೆರಡೂ ಮೇಲೇರುತ್ತಿವೆ, ಮೇಲೇರುತ್ತಿವೆ, ಇನ್ನೇನು —