ಬಹುವಚನದಲ್ಲಿ ಬಂದ ತಮ್ಮ

ನನ್ನ ತಮ್ಮ ತೀರಿಕೊಂಡ ಸುದ್ದಿಯನ್ನು ತಂದವಳು ಅವನ ಅಂಗಡಿಗೆ ಬೀರುವಿನ ಕೀಲಿ ಮಾಡಿಸಲು ಹೋಗಿದ್ದ ಒಬ್ಬ ಶಾಲಾ ಶಿಕ್ಷಕಿ. ಬಾಗಿಲಲ್ಲಿ ನಿಂತು, ತನ್ನ ಕೀಲಿ ಅರ್ಧಕ್ಕೇ ನಿಂತಿದೆ ಎಂದು ಮೊದಲು ಹೇಳಿದಳು. ಅವನು ಕೀಲಿ ಉಜ್ಜುವ ಅರವನ್ನು ಕೈಯಲ್ಲಿ ಹಿಡಿದುಕೊಂಡೇ ಮೇಜಿಗೆ ತಲೆಯಾನಿಸಿದ್ದಾನೆ, ಕರೆದರೆ ಓಗೊಡುತ್ತಿಲ್ಲ ಎಂದು ಆಮೇಲೆ ಹೇಳಿದಳು. ನಾನು ಅವಳ ಮೊದಲ ಮಾತಿಗೇ ಉತ್ತರ ಕೊಟ್ಟೆ.

"ನಾಳೆ ಬನ್ನಿ, ಮಾಡಿ ಕೊಡ್ತಾನೆ."

ಅವನ ಗಿರಾಕಿಗಳಿಗೆಲ್ಲ ಅದನ್ನೇ ಹೇಳಿ ಹೇಳಿ ನಾಲಿಗೆ ಪಳಗಿಹೋಗಿತ್ತು. ಎರಡನೆಯ ಮಾತು ತಲೆಗೆ ಹತ್ತುವ ಹೊತ್ತಿಗೆ ನನ್ನ ಕಾಲು ಬೀದಿಯಲ್ಲಿತ್ತು. ಭಗವಂತ ಅವನನ್ನು ನರಳಿಸದೆ ಕರೆದುಕೊಂಡಿದ್ದ. ಕೃಪೆಯೇ ಸರಿ. ಆದರೆ ಹೋಗುವವನಿಗೆ ಒಂದು ಮಾತಾಡಲು ಬಿಡುವು ಕೊಟ್ಟಿರಲಿಲ್ಲ.

ನನ್ನ ಸೊಂಟದ ಮೇಲೆ ಬೆಳೆದ ತಮ್ಮ ಅವನು. ಅಕ್ಕನೆಂಬ ಗೌರವವನ್ನು ಮಾತಿನಲ್ಲಿ ಎಂದೂ ತೋರಿಸಿದವನಲ್ಲ. ಊಟಕ್ಕೆ ಕರೆದರೆ "ನಿನ್ನ ತಲೆ, ಬಂದೆ" ಎನ್ನುವನು. ದೇವರಿಗೆ ಕೈ ಮುಗಿದೆಯಾ ಎಂದರೆ "ನಿನ್ನ ತಲೆ, ಮುಗಿದೆ" ಎನ್ನುವನು. ನನಗೆ ಜ್ವರ ಬಂದಾಗ ರಾತ್ರಿಯೆಲ್ಲ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಗೊಣಗಿದ್ದೂ ಅದನ್ನೇ. ಬೈಗುಳ, ಒಪ್ಪಿಗೆ, ಅಕ್ಕರೆ ಎಲ್ಲಕ್ಕೂ ಅವನ ಹತ್ತಿರ ಆ ಒಂದೇ ಕೀಲಿ ಇತ್ತು.

ಆದರೆ ಅವನ ಮಗಳು ಫೋನನ್ನು ಎದುರಿಗೆ ಹಿಡಿದಳೆಂದರೆ ಆಸಾಮಿ ಬೇರೆಯೇ ಆಗಿಬಿಡುತ್ತಿದ್ದ. ಬೀಗಗಳ ಬಗ್ಗೆ ಅವನು ಹೇಳುವುದನ್ನೆಲ್ಲ ಅವಳು ವಿಡಿಯೊ ಮಾಡಿ ಲೋಕಕ್ಕೆ ತೋರಿಸುತ್ತಿದ್ದಳು. ತಲೆ ಬಾಚಿ, ಬೆನ್ನು ನೆಟ್ಟಗೆ ಮಾಡಿ ಕುಳಿತು, "ವೀಕ್ಷಕರೇ, ನೀವು ದಯವಿಟ್ಟು ಬೀಗಕ್ಕೆ ಎಣ್ಣೆ ಬಿಡಬೇಡಿ, ಧೂಳು ಹಿಡಿಯುತ್ತದೆ. ಪೆನ್ಸಿಲ್ಲಿನ ಪುಡಿ ಹಾಕಿ" ಎನ್ನುವನು. ಕೊನೆಗೆ ನನ್ನ ನಂಬರನ್ನು ಹೇಳಿ, "ಫೋನನ್ನು ನಮ್ಮ ಅಕ್ಕ ತೆಗೆಯುತ್ತಾರೆ" ಎನ್ನುವನು. ತೆಗೆಯುತ್ತಾರಂತೆ. ಹುಟ್ಟಿದಾಗಿನಿಂದ ಅವನ ಬಾಯಲ್ಲಿ ನನಗೆ ಸಿಕ್ಕ ಬಹುವಚನ ಅದೊಂದೇ. ಅದೂ ಊರಿನವರ ಎದುರಿಗೆ.

ಅವನನ್ನು ಕಳುಹಿಸಿಕೊಟ್ಟು ಬಂದ ಮರುದಿನ ಅವನ ಮಗಳು ಅತ್ತು ಅತ್ತು ಒಳಕೋಣೆಯಲ್ಲಿ ಮಲಗಿದ್ದಳು. ನನ್ನನ್ನು ಮಾತಾಡಿಸಲು ಬಂದು ಕೂತವನು ತಮ್ಮನ ಗೆಳೆಯ. ಅವನನ್ನು ಎಲ್ಲರೂ ಬೆರಳು ಎಂದೇ ಕರೆಯುತ್ತಾರೆ. ಹರೆಯದಲ್ಲಿ ಅವನು ಬಸ್ಸುಗಳಲ್ಲಿ ಜೇಬು ಕತ್ತರಿಸುತ್ತಿದ್ದ. ಪರ್ಸಿನ ಜೊತೆಗೆ ಮನೆ ಕೀಲಿಯನ್ನೂ ಕಳೆದುಕೊಂಡವರು ನೇರವಾಗಿ ತಮ್ಮನ ಅಂಗಡಿಗೆ ಬರುತ್ತಿದ್ದರು. ಹೀಗೆ ಒಬ್ಬನ ಕಸುಬು ಇನ್ನೊಬ್ಬನಿಗೆ ಕೆಲಸ ಕೊಡುತ್ತ, ಕೊನೆಗೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಚಹಾ ಕುಡಿಯುವಂತಾದರು. ಅವನು ಕಳ್ಳತನ ಬಿಟ್ಟು ಬಹಳ ಕಾಲವಾಯಿತು. ನನ್ನ ಪ್ರಾರ್ಥನೆಯಿಂದ ಬಿಟ್ಟ ಎಂದು ನಾನು ನಂಬಿಕೊಂಡಿದ್ದೆ.

ಅಂದು ಅವನು ದುಃಖದ ಭರದಲ್ಲಿ ನಿಜ ಹೇಳಿದ. ಜನರ ಜೇಬಿನಲ್ಲಿ ಏನೂ ಉಳಿದಿಲ್ಲವಂತೆ, ಇದ್ದಬದ್ದದ್ದೆಲ್ಲ ಫೋನಿನೊಳಗೆ ಹೋಗಿ ಕೂತಿದೆಯಂತೆ. ಫೋನನ್ನೇ ಕದ್ದರೆ ಅದು ತಾನು ಎಲ್ಲಿದ್ದೇನೆಂದು ತಾನೇ ಕೂಗಿ ಹೇಳುತ್ತದಂತೆ. ಈಗಿನ ಕಳ್ಳರು ಕೂತಲ್ಲಿಂದ ಏಳುವುದಿಲ್ಲ, ಒಬ್ಬರ ಮೈ ಸೋಕುವುದಿಲ್ಲ, ಓಡಿ ಗೊತ್ತಿಲ್ಲ, ಒದೆ ತಿಂದು ಗೊತ್ತಿಲ್ಲ ಎಂದು ಹಲುಬಿದ.

ಅವನ ಮಾತು ಮುಗಿಯುವ ಮೊದಲೇ ನನ್ನ ಫೋನ್ ರಿಂಗಾಯಿತು. ಕಿವಿ ಮಂದವಾದ್ದರಿಂದ ನಾನು ಯಾವಾಗಲೂ ಸ್ಪೀಕರ್ ಒತ್ತಿಯೇ ಮಾತಾಡುವುದು.

"ಅಕ್ಕಾ, ನಾನು. ನೀವು ಹೆದರಬೇಡಿ."

ನಿನ್ನೆ ಕಳುಹಿಸಿಕೊಟ್ಟವನು ಇವತ್ತು ಫೋನ್ ಮಾಡಿ ಹೆದರಬೇಡಿ ಎಂದರೆ ಹೆದರದವರು ಯಾರು? ಗಂಟಲು ಅವನದೇ. ಮಾತಿನ ಕೊನೆಯನ್ನು ತುಸು ಎಳೆಯುವ ರೀತಿಯೂ ಅವನದೇ. ಬೆರಳು ಕುಡಿಯುತ್ತಿದ್ದ ನೀರು ನೆತ್ತಿಗೇರಿತು. ದೇವರು ಮನಸ್ಸು ಮಾಡಿದರೆ ಏನು ತಾನೇ ಆಗದು ಎಂದು ಒಂದು ಗಳಿಗೆ ನನ್ನ ಎದೆ ಹಾರಿತು.

ಧ್ವನಿ ಮುಂದುವರಿಯಿತು. ತನಗೆ ಸಣ್ಣ ಅಪಘಾತವಾಗಿದೆ, ತನ್ನ ಫೋನ್ ಒಡೆದಿದೆ, ಯಾರದೋ ಫೋನಿನಿಂದ ಮಾತಾಡುತ್ತಿದ್ದೇನೆ ಎಂದಿತು.

"ನಿಮ್ಮ ಫೋನಿಗೆ ಈಗ ಒಂದು ನಂಬರ್ ಬರುತ್ತೆ ಅಕ್ಕಾ. ದಯವಿಟ್ಟು ಅದನ್ನ ಓದಿ ಹೇಳಿ."

ದಯವಿಟ್ಟು. ಸತ್ತ ಮೇಲೆ ಮನುಷ್ಯ ಎಷ್ಟೇ ಸುಧಾರಿಸಿದರೂ ಒಂದೇ ದಿನದಲ್ಲಿ ಇಷ್ಟು ಸುಧಾರಿಸುವುದಿಲ್ಲ. ಯಾರೋ ಪುಣ್ಯಾತ್ಮ ಕಂಪ್ಯೂಟರಿಗೆ ಕಲಿಸಿ ಆ ವಿಡಿಯೊಗಳಿಂದ ನನ್ನ ತಮ್ಮನ ಗಂಟಲನ್ನು ಎತ್ತಿಕೊಂಡಿದ್ದ. ಅದಕ್ಕೆ ಅಂಟಿಕೊಂಡಿದ್ದ ವೀಕ್ಷಕರ ಮರ್ಯಾದೆಯೂ ಜೊತೆಗೇ ಬಂದುಬಿಟ್ಟಿತ್ತು. ಆ ಗಂಟಲಿನ ಒಡೆಯ ತೀರಿಹೋದ ಸಂಗತಿ ಮಾತ್ರ ಅವನಿಗೆ ತಿಳಿದಿರಲಿಲ್ಲ.

ಫೋನ್ ಇಟ್ಟುಬಿಡು ಎಂದು ಬೆರಳು ಸನ್ನೆ ಮಾಡಿದ. ನಾನು ಇಡಲಿಲ್ಲ. ಆ ಸಂಖ್ಯೆ ಹೇಳಿದರೆ ಬ್ಯಾಂಕಿನಲ್ಲಿರುವ ನನ್ನ ಮುಪ್ಪಿನ ಆಸರೆಯೆಲ್ಲ ಗುಡಿಸಿಹೋಗುತ್ತದೆಂದು ನನಗೆ ಗೊತ್ತು. ಅಣ್ಣನೋ ತಮ್ಮನೋ, ಯಾರಿಗೂ ಹೇಳಬೇಡವೆಂದು ತಮ್ಮನ ಮಗಳು ಗಿಣಿಗೆ ಕಲಿಸಿದಂತೆ ಕಲಿಸಿದ್ದಾಳೆ. ಆದರೆ ಅವಳು ಮಾಡಿದ ವಿಡಿಯೊಗಳಲ್ಲಿ ಎಲ್ಲಿ ಹುಡುಕಿದರೂ "ನಿನ್ನ ತಲೆ" ಸಿಗುವುದಿಲ್ಲ. ಬೈಗುಳವನ್ನು ಯಾರು ತೆಗೆದಿಡುತ್ತಾರೆ? ಈಗ ಗಂಟಲು ತಾನಾಗಿ ಬಂದಿತ್ತು. ಸಿಟ್ಟೊಂದು ಬರಬೇಕಾಗಿತ್ತು. ಆ ಗಂಟಲಿಗೆ ಸಿಟ್ಟು ಬರಿಸುವುದರಲ್ಲಿ ನನ್ನಷ್ಟು ಪಳಗಿದವರು ಇನ್ನಾರೂ ಇಲ್ಲ.

ಮೊದಲು ಕನ್ನಡಕ ಹುಡುಕಿದೆ. ಅದು ನನ್ನ ಮೂಗಿನ ಮೇಲೇ ಇತ್ತು. ಊಟವಾಯಿತೇ ಎಂದು ಕೇಳಿದೆ. ಪೆಟ್ಟು ಎಡಗಾಲಿಗೋ ಬಲಗಾಲಿಗೋ ಎಂದು ವಿಚಾರಿಸಿದೆ. ಸಂಖ್ಯೆಯ ಬದಲು ತಾರೀಖನ್ನು ಓದಿದೆ, ತಿದ್ದಿದಾಗ ಕೆಳಗಿನ ಸಂದೇಶದಲ್ಲಿದ್ದ ಹಾಲಿನವನ ನಂಬರನ್ನು ಓದಿದೆ. ಅವನು ತಾಳ್ಮೆಯಿಂದ ಅಕ್ಕಾ, ಅಕ್ಕಾ ಎನ್ನುತ್ತಲೇ ಇದ್ದ.

"ಇದನ್ನ ಯಾರಿಗೂ ಹೇಳಬೇಡಿ ಅಂತ ಬರೆದಿದಾರಲ್ಲೋ," ಎಂದೆ. "ತಮ್ಮನಿಗೆ ಹೇಳಬಹುದಾ ಅಂತ ಅವರನ್ನೇ ಒಂದು ಮಾತು ಕೇಳಿ ಬರ್ಲಾ?"

ಆ ಕಡೆ ಒಂದು ನಿಟ್ಟುಸಿರು. ಆಮೇಲೆ ಗಂಟಲು ಸಿಡಿಯಿತು.

"ಅಯ್ಯೋ ನಿನ್ನ ತಲೆ. ಓದೇ ಅಂದ್ರೆ ಓದೇ."

ನನ್ನ ತಮ್ಮ ಬಂದುಬಿಟ್ಟ. ಊಟಕ್ಕೆ ತಡವಾಗಿ, ಕೈಗೆಲ್ಲ ಲೋಹದ ಪುಡಿ ಮೆತ್ತಿಕೊಂಡು, ಹೊಸಿಲ ಮೇಲೆ ನಿಂತ ಹಾಗಾಯಿತು. ಕಣ್ಣು ತುಂಬಿತು. ಆ ದನಿಗೆ ನಾನು ಯಾವತ್ತೂ ಇಲ್ಲವೆಂದವಳಲ್ಲ. ಬಾಯಿ ತಾನೇ ತಾನಾಗಿ ನಿಜವಾದ ಸಂಖ್ಯೆಯನ್ನು ಓದತೊಡಗಿತು. ಅರ್ಧ ಓದಿದ್ದೆ. ಮುಂದಿನ ಅಂಕಿ ಕಾಣಲಿಲ್ಲ. ನೋಡಿದರೆ ಕೈಯಲ್ಲಿ ಫೋನೇ ಇಲ್ಲ. ನನ್ನ ಬೆರಳುಗಳು ಗಾಳಿಯನ್ನು ಹಿಡಿದುಕೊಂಡಿದ್ದವು. ಮೂಗಿನ ಮೇಲಿನ ಕನ್ನಡಕವೂ ಮಾಯ. ಮೈಗೆ ಒಂದಿಷ್ಟೂ ತಿಳಿದಿರಲಿಲ್ಲ.

ಎರಡೂ ಅವನ ಕೈಯಲ್ಲಿದ್ದವು. ಬೆರಳು ಫೋನನ್ನು ಬಾಯಿಯ ಹತ್ತಿರ ಹಿಡಿದುಕೊಂಡು ಮೆಲ್ಲಗೆ ಹೇಳಿದ:

"ಮಗಾ, ನೀನು ಯಾರ ಗಂಟಲಲ್ಲಿ ಮಾತಾಡ್ತಿದ್ದೀಯೋ, ಆ ಮನುಷ್ಯ ಹೋಗ್ಬಿಟ್ಟ."

ತಮ್ಮನ ಧ್ವನಿ ಗಾಬರಿಯಿಂದ ಕೇಳಿತು, "ಯಾರು ಹೋಗಿದ್ದು?"

"ನೀನೇ ಕಣಪ್ಪ."

ಫೋನ್ ಕಟ್ಟಾಯಿತು.

ಬೆರಳು ಕನ್ನಡಕವನ್ನು ತನ್ನ ಅಂಗಿಯ ಚುಂಗಿನಿಂದ ಒರೆಸಿ ಹಿಂದಕ್ಕೆ ಕೊಟ್ಟ. ಕೈ ಮರೆತಿದೆ ಎಂದುಕೊಂಡಿದ್ದೆ ಅಕ್ಕಾ, ಎಂದು ನಾಚಿಕೊಂಡ. ಬೈಸಿಕೊಳ್ಳಲೆಂದೇ ನಾನು ಹೀಗೆ ಮಾಡಿದ್ದು ಪಾಪವೇ ಎಂದು ಕೇಳಿದೆ.

"ಪಾಪವೋ ಪುಣ್ಯವೋ, ಅದು ನನಗೆ ಗೊತ್ತಿಲ್ಲ. ಕದ್ದಿದ್ದಂತೂ ಹೌದು. ಕಳ್ಳನ ಬಾಯಿಂದಲೇ ನೀನು ಕದ್ದೆ ಅಕ್ಕಾ. ನನ್ನ ಕೈಲಿ ಇದು ಆಗ್ತಿರಲಿಲ್ಲ."

ಇಬ್ಬರೂ ನಕ್ಕೆವು. ನಕ್ಕದ್ದು ಅಳುವಾಗಲು ಬಹಳ ಹೊತ್ತು ಬೇಕಾಗಲಿಲ್ಲ. ಒಳಗಿನಿಂದ ತಮ್ಮನ ಮಗಳು ಕಣ್ಣುಜ್ಜಿಕೊಳ್ಳುತ್ತ ಎದ್ದು ಬಂದಳು.

"ಅತ್ತೆ, ಅಪ್ಪನ ಧ್ವನಿ ಕೇಳಿದ ಹಾಗಾಯ್ತು."

"ಬಂದಿದ್ದ," ಎಂದೆ. "ಬೈದು ಹೋದ."

ಎಲ್ಲವನ್ನೂ ಹೇಳಿದ ಮೇಲೆ ಅವಳು ಮೊದಲು ಬ್ಯಾಂಕಿಗೆ ಫೋನ್ ಮಾಡಿ ನನ್ನ ಖಾತೆಗೆ ಬೀಗ ಹಾಕಿಸಿದಳು. ಬೀಗದವನ ಮಗಳಲ್ಲವೇ.

ಆ ಸಂಜೆ ದೇವರ ಮುಂದೆ ಕುಳಿತೆ. ಭಗವಂತಾ, ಗಂಟಲು ಕದ್ದ ಆ ಹುಡುಗನಿಗೆ ಒಳ್ಳೆಯ ಬುದ್ಧಿ ಕೊಡು. ತಿಳಿಯದೆ ನನಗೆ ಭಿಕ್ಷೆ ಹಾಕಿದ್ದಾನೆ. ನನ್ನ ತಮ್ಮ ನಿನ್ನ ಬಾಗಿಲಿಗೆ ಬಂದಿರುತ್ತಾನೆ. ಒಳಗೆ ಬರುವ ಮೊದಲು ನಿನ್ನ ಬೀಗವನ್ನು ಅಲ್ಲಾಡಿಸಿ ನೋಡಿದರೆ ಬೇಸರ ಮಾಡಿಕೊಳ್ಳಬೇಡ. ನಿನಗೂ ಅವನು ನಿನ್ನ ತಲೆ ಎಂದರೆ, ನಿನ್ನನ್ನು ಮನೆಯವನೆಂದು ಎಣಿಸಿದ್ದಾನೆ ಎಂದು ತಿಳಿದುಕೋ. ದುಡಿದ ಕೈ ಅದು, ಅರವನ್ನು ಕೆಳಗಿಡಿಸು. ಅವನಿಗೆ ಶಾಂತಿ ಕೊಡು, ತಂದೆ.